ಎಲ್‌ಸಿ ಮೇಡಂ

ಮೊನ್ನೆ ಗುರುವಾರ ನಮ್ಮ ಎಲ್‌ಸಿ ಮೇಡಂ ಕೊನೆಯ ಪಾಠ ಮುಗಿಸಿದರು. ನಂಜನಗೂಡಿನ ನಮ್ಮ ಆಫೀಸಿನ ಮಹಡಿಯ ಮೇಲೆ, ಬೆಂಗಳೂರಿನಿಂದ ಎರಡು ಕಾರಿನಲ್ಲಿ ಬಂದಿದ್ದ ಇಂಜಿನಿಯರುಗಳ ಮುಂದೆ ಬೋರ್ಡು ಒರೆಸಿದರು, ಕೈ ಕೊಡವಿಕೊಂಡರು, "ಇನ್ನು ಸಾಕು ಕಣ್ರಪ್ಪ, ಮೆಟ್ಲು ಹತ್ತಿದ್ರೆ ಮಂಡಿ ನೋಯ್ತದೆ. ಮಿಕ್ಕಿದ್ದು ಛತ್ರದೋನು ಹೇಳ್ಕೊಡ್ತಾನೆ" ಅಂದರು, ಇಳಿದು ಹೋದರು. ಅಷ್ಟೇ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ತಂದಿಟ್ಟುಕೊಂಡಿದ್ದ ನಾವು ಪೆಚ್ಚಾಗಿ ನಿಂತೆವು. ಹಾರವನ್ನು ಕೊನೆಗೆ ಬಾಗಿಲಿಗೆ ಹಾಕಿದೆವು.

ಛತ್ರದವನು ಅಂದರೆ ನಾನು. ಚಿಕ್ಕಯ್ಯನಛತ್ರ ನನ್ನ ಊರು. ಅಲ್ಲಿಂದ ದಿನಾ ಬೈಕಿನಲ್ಲಿ ನಂಜನಗೂಡಿಗೆ ಬಂದು ಕಂಪ್ಯೂಟರ್ ಕುಟ್ಟಿ, ಸಂಜೆ ಮನೆಗೆ ಹೋಗಿ ಹಸುವಿಗೆ ಹುಲ್ಲು ಹಾಕುವವನು. ನನಗೆ ಒಂದು ಹೆಸರಿದೆ, ಆ ಹೆಸರಿನಲ್ಲಿ ಒಂದು ಇಂಜಿನಿಯರಿಂಗ್ ಸರ್ಟಿಫಿಕೇಟೂ ಇದೆ. ಮೇಡಂಗೆ ಮಾತ್ರ ಆರು ವರ್ಷದಿಂದ ನಾನು ಛತ್ರದವನೇ.

ಅವರು ಕಲಿಸುತ್ತಿದ್ದದ್ದು ಏನು ಎಂದು ನಮ್ಮವ್ವ ಕೇಳಿದಾಗ ನಾನು ಹೀಗೆ ಹೇಳಿದ್ದೆ: ಓಡುತ್ತಿರುವ ಗಾಡಿಯ ಚಕ್ರ ಬದಲಾಯಿಸುವುದು. ಸಾಫ್ಟ್‌ವೇರ್ ಬರೆಯುವುದು ಒಂದು ಕಸುಬು. ಬರೆದದ್ದನ್ನು, ನೂರಾರು ಜನ ದಿನವೂ ಬಳಸುತ್ತಿರುವಾಗಲೇ ಬದಲಾಯಿಸುವುದು, ಹೊಸದನ್ನು ಅವರ ಕೈಗೆ ಬಿಡುವುದು, ಎಡವಟ್ಟಾದರೆ ಹಳೆಯದಕ್ಕೆ ಹಿಂದಿರುಗುವುದು ಇನ್ನೊಂದು ಕಸುಬು. ಈ ಎರಡನೆಯದನ್ನು ಚೇಂಜ್ ಮತ್ತು ರಿಲೀಸ್ ಎಂದು ಕರೆದು, ದಪ್ಪ ದಪ್ಪ ಪುಸ್ತಕ ಬರೆದು, ಪರೀಕ್ಷೆ ಇಟ್ಟು, ಸರ್ಟಿಫಿಕೇಟು ಕೊಡುತ್ತಾರೆ. ಎಲ್‌ಸಿ ಮೇಡಂ ಇದನ್ನು ಕಂಪ್ಯೂಟರಿನವರಿಗೆ ಕಲಿಸಿದರು. ಅವರು ತಮ್ಮ ಜೀವಮಾನದಲ್ಲಿ ಒಂದು ಸಾಲು ಪ್ರೋಗ್ರಾಂ ಬರೆದವರಲ್ಲ.

ಮೂವತ್ತೈದು ವರ್ಷ ಅವರು ಟಿ. ನರಸೀಪುರದ ಕಡೆಯ ಒಂದು ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದವರು. ತಂದೆ ಅಲ್ಲೇ ಇದ್ದರಂತೆ. ಅವರು ಕಾಯಿಲೆಯಿಂದ ತೀರಿಕೊಂಡಾಗ ಮಗಳಿಗೆ ಅನುಕಂಪದ ಮೇಲೆ ಕೆಲಸ ಸಿಕ್ಕಿತು. ಗುಮಾಸ್ತೆ ಮಾಡುತ್ತೇವೆ ಅಂದವರಿಗೆ, "ಫೈಲಿಗೆ ಟ್ಯಾಗ್ ಕಟ್ಟೋಕೆ ನನ್ನ ಕೈಲಾಗಲ್ಲ, ಸ್ವಿಚ್ ಕೊಡಿ" ಅಂದರಂತೆ. ಎತ್ತರದ ಆಳು, ಗಟ್ಟಿ ಜಡೆ, ಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟಿಕೊಳ್ಳುವ ಅಭ್ಯಾಸ. ಹಗಲು ಹೊತ್ತಿನಲ್ಲೂ ಕೈಯಲ್ಲೊಂದು ಟಾರ್ಚು. ಮಾತಾಡಿದರೆ ಎದುರಿನವನು ಅದನ್ನು ಮತ್ತೆ ಹೇಳಿ ಒಪ್ಪಿಸಬೇಕು, ಇಲ್ಲದಿದ್ದರೆ ಮಾತು ಮುಗಿದಿಲ್ಲ. ತರಕಾರಿ ಗಾಡಿಯವನಿಗೂ ಬಿಡುತ್ತಿರಲಿಲ್ಲ. "ಎರಡು ಕಟ್ಟು ದಂಟು, ಅರ್ಧ ಕೆಜಿ ಬದನೆಕಾಯಿ, ನಾಳೆ ಬರಲ್ಲ. ರಿಪೀಟ್ ಮಾಡಪ್ಪ." ಅವನು ಪಾಪ, ನಿಂತು ಪಾಠ ಒಪ್ಪಿಸುತ್ತಿದ್ದ.

ನಮ್ಮ ಆಫೀಸು ಅವರ ಮನೆಯ ಮಹಡಿ. ಅವರು ನಮ್ಮ ಮನೆ ಓನರ್. ಸಂಬಂಧ ಅಷ್ಟೇ ಇತ್ತು, ಆ ಒಂದು ಸಂಜೆಯವರೆಗೆ.

ಆ ಸಂಜೆಯನ್ನು ನೆನೆದರೆ ಈಗಲೂ ನನಗೆ ಕಿವಿ ಬಿಸಿಯಾಗುತ್ತದೆ, ಏಕೆಂದರೆ ತಪ್ಪು ನನ್ನದೇ. ನಾವು ಒಂಬತ್ತು ಜನ. ಒಂದು ಖಾಸಗಿ ಡೈರಿಗೆ ಸಾಫ್ಟ್‌ವೇರ್ ಮಾಡಿಕೊಟ್ಟು ನಡೆಸುತ್ತಿದ್ದೆವು. ನಂಜನಗೂಡು, ನರಸೀಪುರ ಎರಡೂ ತಾಲ್ಲೂಕಿನ ಊರೂರಿನಲ್ಲಿ ಆ ಡೈರಿಯ ಹಾಲಿನ ಸೆಂಟರುಗಳು. ಬೆಳಿಗ್ಗೆ, ಸಂಜೆ ಜನ ಕ್ಯಾನು ಹಿಡಿದು ಬರುತ್ತಾರೆ. ಹಾಲು ತೂಗುತ್ತದೆ, ಜಿಡ್ಡು ಎಷ್ಟು ಎಂದು ಮಿಷನ್ನು ಹೇಳುತ್ತದೆ, ಚೀಟಿ ಬರುತ್ತದೆ. ಎಲ್ಲವೂ ನಮ್ಮ ಕಂಪ್ಯೂಟರಿಗೆ ಕಟ್ಟಿದ್ದು. ಅವತ್ತು ಮಧ್ಯಾಹ್ನ ನಾಲ್ಕು ದಾಟಿತ್ತು. ಒಂದು ಸೆಂಟರಿನವನು, ನನಗೆ ದೂರದ ನೆಂಟ, ಫೋನ್ ಮಾಡಿದ. "ಬಾವ, ಚೀಟೀಲಿ ಅಕ್ಷರ ಸಣ್ಣದು ಕಣ್ಲಾ, ವಯಸ್ಸಾದೋರಿಗೆ ಕಾಣಲ್ಲ ಅಂತ ಉಗೀತಾವ್ರೆ. ಒಸಿ ದೊಡ್ದು ಮಾಡ್ಕೊಡು." ಒಳ್ಳೆಯ ಮಾತೇ ಅಲ್ಲವೇ? ಇಷ್ಟಕ್ಕೆ ಯಾರನ್ನು ಕೇಳುವುದು? ನೆಂಟ ಬಾಯಿಬಿಟ್ಟು ಕೇಳಿದ್ದಾನೆ, ಇಲ್ಲ ಅನ್ನುವುದು ಹೇಗೆ? ಟೀ ತಣ್ಣಗಾಗುವಷ್ಟರಲ್ಲಿ ಅಕ್ಷರ ದೊಡ್ಡದು ಮಾಡಿ ಬಿಟ್ಟುಬಿಟ್ಟೆ.

ದೊಡ್ಡ ಅಕ್ಷರ ಚೀಟಿಯ ಅಗಲಕ್ಕೆ ಹಿಡಿಸಲಿಲ್ಲ. ಚೀಟಿ ಸಿಕ್ಕಿಹಾಕಿಕೊಂಡಿತು. ಚೀಟಿ ಬರದೆ ಮುಂದಿನ ಹಾಲು ತೂಗದು. ಐದೂವರೆಗೆ ಎರಡು ತಾಲ್ಲೂಕು ನಿಂತುಹೋಯಿತು. ಯಾವುದು ಕೆಟ್ಟಿತು ಎಂದು ಹುಡುಕಲು ಎಲ್ಲರೂ ಒಟ್ಟಿಗೆ ಕೈ ಹಾಕಿದೆವು. ಒಬ್ಬ ಸರಿ ಮಾಡಿದ್ದನ್ನು ಇನ್ನೊಬ್ಬ ಕೆಡಿಸಿದ. ನಾನೇ ಮಾಡಿದ್ದು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ನಮ್ಮವ್ವನ ಫೋನು ಬಂತು.

"ಅಲ್ಲ ಕಣ್ಲಾ, ನಿನ್ ಕಂಪ್ಯೂಟ್ರು ಮನೆ ಆಳಾಗೋಗ! ಆಲೆಲ್ಲ ಕ್ಯಾನಲ್ಲೇ ಕೂತದೆ. ಇಡೀ ಊರು ನನ್ ಮಕ ನೋಡ್ತಾ ನಿಂತದೆ. ಏನ್ಲಾ ಮಾಡಿದ್ಯೆ?"

ಎಂಟೂವರೆಯ ಹೊತ್ತಿಗೆ ಹತ್ತಿರದ ಸೆಂಟರುಗಳವರು ಬೈಕಿನಲ್ಲಿ ನಮ್ಮ ಗೇಟಿಗೇ ಬಂದರು. ಗಲಾಟೆ ಕೇಳಿ ಕೆಳಗಿನಿಂದ ಮೇಡಂ ಹತ್ತಿ ಬಂದರು, ಕೈಯಲ್ಲಿ ಅದೇ ಟಾರ್ಚು. ನಮ್ಮ ಯಜಮಾನರು, ಅಂದರೆ ಕಂಪನಿಯ ಮಾಲೀಕರು, ಸೊಂಟದ ಮೇಲೆ ಕೈಯಿಟ್ಟು ಕಿರುಚುತ್ತಿದ್ದರು. ಮೇಡಂ ಒಂದು ನಿಮಿಷ ನಿಂತು ನೋಡಿದರು. ಆಮೇಲೆ ಕೇಳಿದರು:

"ಯಾರು ಎಲ್‌ಸಿ ತಗೊಂಡಿದ್ದೋರು?"

ಯಾರಿಗೂ ಅರ್ಥವಾಗಲಿಲ್ಲ.

"ಅಲ್ರಪ್ಪ, ಓಡ್ತಿರೋ ಲೈನಿಗೆ ಕೈ ಹಾಕಿದೀರಾ. ಯಾರು ಹೇಳಿ ಹಾಕಿದ್ದು? ಎಷ್ಟು ಹೊತ್ತಿಗೆ? ಎಲ್ಲಿ ಬರ್ದಿದೆ?"

ಎಲ್ಲೂ ಬರೆದಿರಲಿಲ್ಲ. "ಹಂಗಾದ್ರೆ ಎಲ್ರೂ ಕೈ ತೆಗೀರಿ" ಅಂದರು. ಆ ದನಿಗೆ ನಮ್ಮ ಯಜಮಾನರ ಕೈಯೂ ಸೊಂಟದಿಂದ ಕೆಳಗಿಳಿಯಿತು. "ಮಧ್ಯಾಹ್ನದಿಂದ ಈಚೆಗೆ ಯಾರು ಏನು ಮುಟ್ಟಿದ್ರಿ, ಒಬ್ಬೊಬ್ರೇ ಹೇಳಿ. ಬಯ್ಯಲ್ಲ." ಆಗ ನಾನು ಬಾಯಿಬಿಟ್ಟೆ. ಹಳೆಯ ಅಕ್ಷರ ಹಾಕಿದೆವು. ಹತ್ತು ನಿಮಿಷದಲ್ಲಿ ಹಾಲು ಹರಿಯಿತು. ಆದರೆ ಆ ಹೊತ್ತಿಗೆ ಎಷ್ಟೋ ಊರಿನಲ್ಲಿ ಹಾಲು ಒಡೆದು, ಜನ ಚರಂಡಿಗೆ ಸುರಿದು ಮನೆಗೆ ಹೋಗಿದ್ದರು. ಬಯ್ಯಲ್ಲ ಅಂದಿದ್ದ ಮೇಡಂ ಮರುದಿನ ಬೆಳಿಗ್ಗೆ ಕರೆದು ಚೆನ್ನಾಗಿ ಬೈದರು. ತಪ್ಪು ಮಾಡಿದ್ದಕ್ಕಲ್ಲ, ಮೂರು ಗಂಟೆ ಬಾಯಿ ಮುಚ್ಚಿಕೊಂಡಿದ್ದಕ್ಕೆ.

ಎಲ್‌ಸಿ ಅಂದರೆ ಲೈನ್ ಕ್ಲಿಯರ್. ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಹೇಳಿ ಆ ಲೈನಿನ ಕರೆಂಟು ತೆಗೆಸಿಕೊಳ್ಳಬೇಕು. ಯಾರು, ಯಾವ ಲೈನು, ಎಷ್ಟು ಹೊತ್ತಿಗೆ ಎಂದು ಪುಸ್ತಕದಲ್ಲಿ ಬರೆಯುತ್ತಾರೆ. ಕೆಲಸ ಮುಗಿದ ಮೇಲೆ ತೆಗೆದುಕೊಂಡವನೇ ಅದನ್ನು ವಾಪಸ್ ಕೊಡಬೇಕು. ಬೇರೆ ಯಾವ ದೊಡ್ಡ ಮನುಷ್ಯ ಹೇಳಿದರೂ ಆಪರೇಟರ್ ಆ ಲೈನಿಗೆ ಕರೆಂಟು ಬಿಡುವ ಹಾಗಿಲ್ಲ. ಇಷ್ಟೇ ಕಾನೂನು. ಇದನ್ನು ಪಾಲಿಸುವುದರಲ್ಲಿ ಮೇಡಂ ಎಂಥ ಹಟಮಾರಿ ಎನ್ನುವುದಕ್ಕೆ ಅವರ ಜೊತೆ ಕೆಲಸ ಮಾಡಿದವರೊಬ್ಬರು ಹೇಳಿದ ಸಂಗತಿ ಇದು. ಮೇಡಂ ತಾವಾಗಿ ಯಾವತ್ತೂ ಹೇಳಿಕೊಂಡವರಲ್ಲ.

ಬೇಸಗೆ, ಮದುವೆ ಕಾಲ. ನರಸೀಪುರದ ಛತ್ರವೊಂದರಲ್ಲಿ ಮುಹೂರ್ತ. ಸೋಸಲೆ ಕಡೆ ಲೈನ್‌ಮ್ಯಾನ್ ಒಬ್ಬ ಎಲ್‌ಸಿ ತೆಗೆದುಕೊಂಡು ಕಂಬ ಹತ್ತಿದ್ದಾನೆ. ಅವನ ಜೊತೆಯಾಳು ಕೆಲಸ ಮುಗಿಯಿತು ಅಂದುಕೊಂಡು ಮೇಲಿನವರಿಗೆ ಹೇಳಿಬಿಟ್ಟಿದ್ದಾನೆ. ಮೇಲಿನವರು ಮೇಡಂಗೆ ಫೋನ್ ಮಾಡಿದರು, "ಲೈನ್ ಹಾಕಿ". ಮೇಡಂ, "ತಗೊಂಡೋನ ದನಿ ಕೇಳಿಸಿ, ಹಾಕ್ತೀನಿ". ಅವನ ಫೋನು ಸತ್ತಿತ್ತು. ಗಂಡಿನ ಕಡೆಯವರು ಸಬ್‌ಸ್ಟೇಷನ್ ಗೇಟಿಗೇ ಬಂದರು. ಅವರಲ್ಲಿ ಒಬ್ಬರು ಮೇಡಂ ಅವರ ಸ್ವಂತ ಸೋದರಮಾವ! "ಹೆತ್ತೋರ ಮಾನ ಕಳೀತೀಯೇನೇ" ಎಂದು ಕೂಗಾಡಿದರಂತೆ. ಇವರು ಆ ಲೈನಿನ ಸ್ವಿಚ್ಚಿನ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದು ಕುರ್ಚಿಯಲ್ಲಿ ಕೂತಿದ್ದರು. ಒಂದು ಗಂಟೆಯ ನಂತರ ಲೈನ್‌ಮ್ಯಾನ್ ಮೊಪೆಡ್ಡಿನಲ್ಲಿ ಬೆವರಿಳಿಸಿಕೊಂಡು ಬಂದ. ಮೊದಲ ಕಂಬದ ಕೆಲಸ ಮುಗಿಸಿ, ಮುಂದಿನ ಕಂಬದಲ್ಲಿ ತಂತಿ ಕೂರಿಸುವ ಪಿಂಗಾಣಿ ಒಡೆದದ್ದು ಕಂಡು, ಅದನ್ನೂ ಹತ್ತಿದ್ದನಂತೆ. ಲೈನ್ ಹಾಕಿದ್ದರೆ ಅವನು ಅಲ್ಲೇ ಮುಗಿದುಹೋಗುತ್ತಿದ್ದ. ಮೇಡಂ ಮೊದಲು ಸೈನ್ ಹಾಕಿಸಿಕೊಂಡರು, ಆಮೇಲೆ ಕುಡಿಯಲು ನೀರು ಕೊಟ್ಟರು, ಆಮೇಲೆ ಬೈದರು. ಸೋದರಮಾವ ಎರಡು ವರ್ಷ ಮಾತು ಬಿಟ್ಟರು. ಆ ಲೈನ್‌ಮ್ಯಾನ್ ತನ್ನ ಮಗಳ ಮದುವೆಯ ಮೊದಲ ಕಾಗದವನ್ನು ಇವರ ಮನೆಗೆ ತಂದುಕೊಟ್ಟ.

ಹಾಲು ಒಡೆದ ಮೇಲೆ ನಮ್ಮ ಯಜಮಾನರು ಬೆಂಗಳೂರಿನಿಂದ ಒಬ್ಬ ಟ್ರೈನರನ್ನು ಕರೆಸಿದರು. ಎರಡು ದಿನ ಪರದೆಯ ಮೇಲೆ ಬಾಣದ ಗುರುತುಗಳು ಓಡಿದವು. ನಮಗೆ ನಿದ್ದೆ ಬಂತು, ಕೂತಿದ್ದಕ್ಕೆ ಒಂದು ಸರ್ಟಿಫಿಕೇಟೂ ಬಂತು. ಅವರು ಬಿಟ್ಟುಹೋದ ದಪ್ಪ ಇಂಗ್ಲಿಷ್ ಪುಸ್ತಕವನ್ನು ನಾವು ಬಾಗಿಲು ಬಡಿಯದಂತೆ ಅಡ್ಡ ಇಟ್ಟಿದ್ದೆವು. ಮೇಡಂ ಅದನ್ನು ಕಂಡು, "ಯಾರೂ ಓದಲ್ವಾ? ಕೊಡಿ ಇಲ್ಲಿ" ಎಂದು ಕೆಳಗೆ ತೆಗೆದುಕೊಂಡು ಹೋದರು. ಎರಡು ತಿಂಗಳು ನಿಘಂಟು ಪಕ್ಕದಲ್ಲಿಟ್ಟುಕೊಂಡು, ಪೆನ್ಸಿಲಿನಲ್ಲಿ ಗೆರೆ ಎಳೆದು ಓದಿದರು. ವಾಪಸ್ ತಂದಾಗ ಅಂಚಿನಲ್ಲೆಲ್ಲ ಕನ್ನಡದಲ್ಲಿ ಟಿಪ್ಪಣಿ: 'ಇದು ನಮ್ಮ ಎಲ್‌ಸಿ ಪುಸ್ತಕವೇ.' 'ಇದು ಸರಿ.' ಒಂದು ಕಡೆ, 'ಇದನ್ನು ಬರೆದವನು ಕಂಬ ಹತ್ತಿಲ್ಲ.'

"ಎಲ್ಲ ನಮ್ಮಲ್ಲಿ ಇದ್ದದ್ದೇ ಕಣೋ. ಬೇರೆ ಹೆಸರು ಇಟ್ಟವ್ರೆ, ಅಷ್ಟೇಯ" ಅಂದರು. "ಪರೀಕ್ಷೆ ಅಂತಾರಲ್ಲ, ಅದನ್ನ ಎಲ್ಲಿ ಬರೀಬೇಕು?"

ನಾನು ತಮಾಷೆ ಅಂದುಕೊಂಡೆ. ಅಲ್ಲ; ಪರೀಕ್ಷೆ ಬರೆಯಲು ಇಬ್ಬರೂ ಮೈಸೂರಿಗೆ ಹೋದೆವು. ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿ ಮೇಡಂ ಅನ್ನು ನೋಡಿ, "ಅಮ್ಮ, ಮಗನ್ನ ಒಳಗೆ ಕಳಿಸಿ, ನೀವು ಹೊರಗಡೆ ಕೂತ್ಕೊಳ್ಳಿ" ಅಂದಳು. ಮೇಡಂ ಮಾತಾಡದೆ ತಮ್ಮ ಚೀಟಿ ತೋರಿಸಿ ಒಳಗೆ ನಡೆದರು. ಒಂದು ಗಂಟೆಯ ಪರೀಕ್ಷೆ, ಎದ್ದ ಕೂಡಲೇ ಫಲಿತಾಂಶ. ಅವರು ಪಾಸು, ನಾನು ಫೇಲು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಬಸ್‌ಸ್ಟ್ಯಾಂಡಿನ ಹತ್ತಿರ ಮಸಾಲೆ ದೋಸೆ ಕೊಡಿಸಿ, "ಉತ್ತರ ಬಾಯಿಪಾಠ ಮಾಡಿದ್ಯಾ, ಅದ್ಕೆ ಹೋಯ್ತು. ಮುಂದಿನ ಸಲಕ್ಕೆ ನಾನು ಹೇಳ್ಕೊಡ್ತೀನಿ, ತಿನ್ನು" ಅಂದರು. ಹೀಗೆ ಅವರ ಮೇಷ್ಟ್ರುಗಿರಿ ಶುರುವಾಯಿತು. ಎರಡನೆಯ ಸಲ ನಾನೂ ಪಾಸಾದೆ, ಯಜಮಾನರು ಅವರನ್ನೇ ನಮ್ಮೆಲ್ಲರ ಟ್ರೈನರ್ ಮಾಡಿದರು.

ಅವರ ಪಾಠಕ್ಕೆ ಪರದೆ ಬೇಕಿರಲಿಲ್ಲ. ಮೊದಲ ದಿನ ನಮ್ಮನ್ನೆಲ್ಲ ಬೆಳಿಗ್ಗೆ ಐದೂಕಾಲಿಗೆ ಸೋಸಲೆಯ ಹಾಲಿನ ಸೆಂಟರಿಗೆ ಬರಹೇಳಿದರು. ಮೈಸೂರಿನಿಂದ ಬರುತ್ತಿದ್ದ ಶ್ವೇತ, ನಮ್ಮಲ್ಲಿ ತುಂಬ ಚುರುಕು ಹುಡುಗಿ, ಅಲ್ಲಿಯತನಕ ಒಂದು ಹಾಲಿನ ಸೆಂಟರನ್ನೂ ಕಂಡಿರಲಿಲ್ಲ. "ಬರೀ ನಿಂತು ನೋಡಿ" ಅಂದರು ಮೇಡಂ. ಜನ ಬಂದರು, ಸಾಲು ನಿಂತರು, ಹಾಲು ಸುರಿದರು, ಚೀಟಿ ನೋಡಿ ಜಿಡ್ಡು ಕಡಿಮೆ ಎಂದು ಗೊಣಗಿದರು, ಹೋದರು. ಮುಗಿದ ಮೇಲೆ ಮೇಡಂ ಕೇಳಿದರು, "ಈಗ ಹೇಳಿ, ಇಲ್ಲಿ ಏನಾದ್ರೂ ಬದಲಾಯಿಸ್ಬೇಕು ಅಂದ್ರೆ ಯಾವಾಗ?" ಶ್ವೇತ, "ಬೆಳಿಗ್ಗೆ ಹಾಲಿನ ವ್ಯಾನು ಹೋದ ಮೇಲೆ, ಸಂಜೆ ಹಸು ಕರೆಯೋಕೆ ಮುಂಚೆ" ಅಂದಳು. "ಬೆಂಗಳೂರಿನೋರು ಪುಸ್ತಕದಲ್ಲಿ ರಾತ್ರಿ ಅಂತ ಬರ್ದವ್ರೆ. ನಮಗೆ ಅದು ಮಧ್ಯಾಹ್ನ. ಹಸೂನ ಕೇಳಿ ಟೈಮ್ ಹಾಕ್ಬೇಕು ಕಣಮ್ಮ" ಎಂದು ಅವಳ ಬೆನ್ನು ತಟ್ಟಿದರು. ನನಗೆ ಹೊಟ್ಟೆಕಿಚ್ಚಾಯಿತು. ಹಾಲಿನ ಮನೆಯಲ್ಲಿ ಹುಟ್ಟಿದವನು ನಾನು!

ಒಂದು ಉದ್ದನೆಯ ಪುಸ್ತಕಕ್ಕೆ ಗೆರೆ ಹಾಕಿಸಿದರು. ಯಾವ ಬದಲಾವಣೆಯೂ ಅದರಲ್ಲಿ ಬರೆಯದೆ ಆಗಕೂಡದು. ಏನು, ಯಾಕೆ, ಯಾರು, ಯಾರಿಗೆ ತಿಳಿಸಿದೆ. ಕೊನೆಯ ಕಾಲಮ್ಮಿಗೆ ಅವರು ಇಟ್ಟ ಹೆಸರು 'ವಾಪಸ್ ಹೊತ್ತು'. ಆ ಗಂಟೆಗೆ ಕೆಲಸ ಮುಗಿದಿರದಿದ್ದರೆ ತಕರಾರಿಲ್ಲದೆ ಹಳೆಯದಕ್ಕೆ ಹಿಂದಿರುಗಬೇಕು. ಸೈನ್ ಮಾಡಿದವನೇ ನಿರ್ಧಾರ ಮಾಡಬೇಕು, ಬೇರೆ ಯಾರೂ ಅಲ್ಲ. ಅವರ ಅತಿರೇಕವೂ ಇಲ್ಲದಿರಲಿಲ್ಲ. ಟ್ಯೂಬ್‌ಲೈಟ್ ಬದಲಾಯಿಸಿದ್ದಕ್ಕೂ ಬರೆಸಿದರು. ಟ್ಯಾಂಕ್ ತೊಳೆಯಲು ಆಳು ಇಳಿದ ದಿನ ಮೋಟರಿನ ಫ್ಯೂಸು ಕಿತ್ತು ಪರ್ಸಿನಲ್ಲಿಟ್ಟುಕೊಂಡು ಮಾರ್ಕೆಟ್ಟಿಗೆ ಹೋಗಿಬಿಟ್ಟರು. ಅವನು ಹನ್ನೊಂದಕ್ಕೆ ಮುಗಿಸಿ ಹೋದ, ನಾವು ಒಂದು ಗಂಟೆಯವರೆಗೆ ಕೈ ತೊಳೆಯಲು ನೀರಿಲ್ಲದೆ ಕೂತೆವು. ಬಂದ ಮೇಲೆ ಕೇಳಿದರೆ, "ಅವನು ಬಂದು ನನಗೆ ಹೇಳ್ಬೇಕಿತ್ತು" ಅಂದರು. ತಮ್ಮದು ತಪ್ಪು ಎಂದು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ.

ಆದರೆ ನಮ್ಮ ರೋಗ ಏನೆಂದು ಪತ್ತೆ ಮಾಡಿದವರು ಅವರೇ. ಒಂದು ದಿನ ಬೋರ್ಡಿನ ಮೇಲೆ ಒಂದೇ ಪದ ಬರೆದರು, 'ದಾಕ್ಷಿಣ್ಯ'. "ನಿಮಗೆ ಬುದ್ಧಿ ಕಮ್ಮಿ ಇಲ್ಲ. ನಿಮ್ದು ದಾಕ್ಷಿಣ್ಯದ ಕಾಯಿಲೆ. ಇಲ್ಲಿ ಎಲ್ರೂ ಎಲ್ರಿಗೂ ಬೇಕಾದೋರು. ಒಬ್ಬ ಬಾವ ಅಂತಾನೆ, ಒಬ್ಬ ನಮ್ಮೂರೋನು ಅಂತಾನೆ, ಫೋನಲ್ಲಿ ಕೇಳ್ತಾನೆ, ನೀವು ಇಲ್ಲ ಅನ್ನಲಾರ್ದೆ ಮಾಡ್ಬಿಡ್ತೀರಾ. ಆ ಒಬ್ಬನಿಗೆ ಒಳ್ಳೇರಾಗೋಕೆ ಸಾವಿರ ಜನದ ಹಾಲು ಒಡೆಸ್ತೀರಾ." ನಾನು ತಲೆ ಎತ್ತಲಿಲ್ಲ. "ದಾಕ್ಷಿಣ್ಯನ ಮನೇಲಿ ಇಟ್ಟು ಬನ್ನಿ. ಸಂಜೆ ಹೋಗಿ ಇಟ್ಕೊಳ್ಳಿ, ಯಾರೂ ಬೇಡ ಅನ್ನಲ್ಲ."

ಅದೇ ವರ್ಷ ಡೈರಿಯವರು ಸಾಫ್ಟ್‌ವೇರನ್ನು ಪೂರ್ತಿ ಹೊಸದು ಮಾಡಿಕೊಡಿ ಎಂದು ಕೇಳಿದರು. ಜೊತೆಗೆ ಅವರ ಮ್ಯಾನೇಜರ್ ಯಜಮಾನರನ್ನು ಕೂರಿಸಿಕೊಂಡು ನೇರವಾಗಿ ಹೇಳಿದರು: ಹೊಸದು ಹಾಕುವಾಗ ಇನ್ನೊಂದು ಸಂಜೆ ಹಾಲು ನಿಂತರೆ ಕೆಲಸ ಬೆಂಗಳೂರಿನ ದೊಡ್ಡ ಕಂಪನಿಗೆ. ನಮಗೆ ಬೇರೆ ಗಿರಾಕಿಯಿಲ್ಲ. ಹಾಗಾದರೆ ಆಫೀಸಿಗೆ ಬೀಗ, ಒಂಬತ್ತು ಜನ ಬೀದಿಗೆ. ನಾಲ್ಕು ತಿಂಗಳು ಕತ್ತೆಯ ಹಾಗೆ ದುಡಿದೆವು. ಬದಲಾವಣೆಯ ದಿನ ಪುಸ್ತಕದಲ್ಲಿ ಯಾರು ಸೈನ್ ಮಾಡುವುದು ಎಂಬ ಮಾತು ಬಂದಾಗ ಮೇಡಂ ಪೆನ್ನನ್ನು ನನ್ನ ಕಡೆ ತಳ್ಳಿದರು. "ಹಾಲು ಒಡೆಸ್ದೋನೇ ಹಾಕ್ಲಿ."

ಬೆಳಿಗ್ಗೆ ವ್ಯಾನುಗಳು ಹೋದ ಮೇಲೆ ಶುರು ಮಾಡಿದೆವು. ವಾಪಸ್ ಹೊತ್ತು ಒಂದೂವರೆ ಎಂದು ಬರೆದಿದ್ದೆ. ಶ್ವೇತ ಒಂದೊಂದೇ ಸೆಂಟರಿಗೆ ಫೋನ್ ಮಾಡಿ, ತೂಗಿ ನೋಡಲು ಹೇಳಿ, ಅವರು ಹೇಳಿದ್ದನ್ನು ಮತ್ತೆ ಹೇಳಿಸಿ ಗುರುತು ಹಾಕುತ್ತಿದ್ದಳು. ಒಂದೂಕಾಲಿಗೆ ಎಲ್ಲ ಆಗಿತ್ತು, ತಲಕಾಡು ಒಂದು ಬಿಟ್ಟು. ಅಲ್ಲಿ ತಕ್ಕಡಿಯ ಮೇಲೆ ಏನಿಟ್ಟರೂ ತೂಕ ಸೊನ್ನೆ. ಹಳೆಯದೂ ಹೊಸದೂ ಒಟ್ಟಿಗೆ ಓಡುವ ಹಾಗಿರಲಿಲ್ಲ. ಹೊಸದಾದರೆ ಎಲ್ಲ ಕಡೆಗೂ ಹೊಸದು, ಹಳೆಯದಾದರೆ ಎಲ್ಲ ಕಡೆಗೂ ಹಳೆಯದು. ಯಜಮಾನರು ನನ್ನ ಹೆಗಲ ಮೇಲೆ ಕೈಯಿಟ್ಟರು. "ಒಂದೇ ಸೆಂಟರ್ ತಾನೇನೋ. ಮಿಕ್ಕಿದ್ದೆಲ್ಲ ಚಿನ್ನದ ಹಾಗೆ ಓಡ್ತಿದೆ. ಇನ್ನರ್ಧ ಗಂಟೆ ನೋಡು ಕಂದ." ಹಾಲು ಒಡೆದ ಮರುದಿನ ನನ್ನನ್ನು ಓಡಿಸದೆ ಉಳಿಸಿಕೊಂಡಿದ್ದ ಮನುಷ್ಯ ಅವರು. ಅವರ ಮಾತು ಮೀರುವುದೇ?

ನಾನು ಮೇಡಂ ಮುಖ ನೋಡಿದೆ. ಅವರು ಕಿಟಕಿಯ ಹತ್ತಿರ ಕೂತು ಬೀದಿ ನೋಡುತ್ತಿದ್ದರು. ನನ್ನ ಕಡೆ ತಿರುಗಲೇ ಇಲ್ಲ. ಎಂಥ ಕಲ್ಲುಮನಸ್ಸು ಎಂದು ಸಿಟ್ಟು ಬಂತು. ಒಂದೂವರೆಯಾಯಿತು.

"ವಾಪಸ್ ತಗೊಳ್ಳಿ" ಅಂದೆ. ನನ್ನ ದನಿ ನನಗೇ ಬೇರೆ ಯಾರದೋ ಅನಿಸಿತು. "ಎಲ್ಲ ಕಡೆ. ಹಳೇದಕ್ಕೆ."

"ಏನೋ ಹೇಳ್ತಿದ್ದೀಯ?" ಅಂದರು ಯಜಮಾನರು.

"ವಾಪಸ್ ಅಂದೆ ಸಾ. ಸೈನ್ ಹಾಕಿರೋನು ನಾನು."

ಅವರು ಬಾಗಿಲು ದಡಾರನೆ ಹಾಕಿಕೊಂಡು ಇಳಿದು ಹೋದರು. ಮೂರು ಗಂಟೆಯ ಹೊತ್ತಿಗೆ ಎಲ್ಲ ಸೆಂಟರೂ ಹಳೆಯದಕ್ಕೆ ಬಂದವು. ಡೈರಿಯ ಮ್ಯಾನೇಜರಿಗೆ ನಾನೇ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ಅಂದ್ರೆ ಮತ್ತೆ ಕೆಡಿಸಿದ್ರಾ?" ಅಂದರು. "ಇಲ್ಲ ಸಾ, ಕೆಡೋಕೆ ಮುಂಚೆ ವಾಪಸ್ ತಗೊಂಡ್ವಿ. ಸಂಜೆ ಹಾಲು ನಿಲ್ಲಲ್ಲ." ಮ್ಯಾನೇಜರ್, "ಇನ್ನೊಂದೇ ಸಲ. ತಿಳೀತಾ? ಒಂದೇ" ಎಂದು ಫೋನ್ ಇಟ್ಟರು. ಸಂಜೆ ಹಾಲು ನಿಲ್ಲಲಿಲ್ಲ. ನಾನು ಮೆಟ್ಟಿಲ ಮೇಲೆ ತಲೆ ಹಿಡಿದು ಕೂತಿದ್ದೆ. ಮೇಡಂ ಕೆಳಗಿನಿಂದ ತಟ್ಟೆಯಲ್ಲಿ ಮುದ್ದೆ, ಸೊಪ್ಪಿನ ಸಾರು ತಂದು ಮುಂದಿಟ್ಟರು. "ಮಧ್ಯಾಹ್ನದಿಂದ ತಿಂದಿಲ್ಲ ನೀನು. ಉಣ್ಣು." ಅಷ್ಟೇ ಅಂದದ್ದು. ನನಗೆ ಅಳು ತಡೆಯಲಾಗಲಿಲ್ಲ. ಅತ್ತುಕೊಂಡೇ ಉಂಡೆ.

ಮಾರನೆಯ ದಿನ ಅವರೇ ನಮ್ಮನ್ನು ಬಸ್ಸು ಹತ್ತಿಸಿ ತಲಕಾಡಿಗೆ ಕರೆದುಕೊಂಡು ಹೋದರು. ಅಲ್ಲಿನ ತಕ್ಕಡಿ ಬೇರೆ ಕಡೆಯದಕ್ಕಿಂತ ಹಳೆಯದು. ನಮ್ಮ ಪಟ್ಟಿಯಲ್ಲಿ ಅದು ಇರಲೇ ಇಲ್ಲ, ಏಕೆಂದರೆ ಪಟ್ಟಿ ಮಾಡುವಾಗ ಯಾರೂ ಹೋಗಿ ನೋಡಿರಲಿಲ್ಲ, ಫೋನಿನಲ್ಲಿ ಕೇಳಿ ಬರೆದಿದ್ದೆವು. ಎರಡು ವಾರ ಊರೂರು ಸುತ್ತಿ ಪ್ರತಿ ತಕ್ಕಡಿಯನ್ನೂ ಕಣ್ಣಾರೆ ನೋಡಿದೆವು. ಯಜಮಾನರೂ ಸಿಟ್ಟು ಮರೆತು ತಮ್ಮ ಕಾರು ಕೊಟ್ಟರು.

ಎರಡನೆಯ ಸಲದ ದಿನ ಬೆಳಿಗ್ಗೆ ಬಂದರೆ ಮೇಡಂ ಚೀಲ ಹಿಡಿದು ಗೇಟಿನಲ್ಲಿ ನಿಂತಿದ್ದರು. ಸೋಸಲೆಗೆ, ತಂಗಿಯ ಮನೆಗೆ ಹೊರಟಿದ್ದರು. "ಇವತ್ತೇ ಹೋಗ್ಬೇಕಾ ಮೇಡಂ?" ಎಂದು ಗೋಗರೆದೆ. "ನಾನು ಇಲ್ಲಿ ಕೂತ್ರೆ ನೀವು ನನ್ನ ಮುಖ ನೋಡ್ತೀರಾ. ಸಾಯಂಕಾಲ ಬತ್ತೀನಿ" ಎಂದು ಬಸ್ಸಿಗೆ ಹೋದರು. ಸೈನ್ ಮಾಡಿ ಶುರು ಮಾಡಿದೆವು. ತಲಕಾಡು ಆಯಿತು. ಸೋಸಲೆ ಆಯಿತು. ಹನ್ನೆರಡು ಮುಕ್ಕಾಲಿಗೆ ಶ್ವೇತ ಕೊನೆಯ ಗುರುತು ಹಾಕಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಸಂಜೆಯ ಹಾಲು ಇನ್ನೂ ಬಾಕಿ ಇತ್ತು.

ಐದಾಯಿತು. ಮೇಜಿನ ಮೇಲೆ ಒಂಬತ್ತು ಫೋನುಗಳು, ಸುತ್ತ ನಾವು. ಐದೂವರೆ. ಒಂದೂ ಬಡಿದುಕೊಳ್ಳಲಿಲ್ಲ. ಆರಕ್ಕೆ ನನಗೆ ತಡೆಯಲಾರದೆ ನಮ್ಮವ್ವನಿಗೆ ಫೋನ್ ಮಾಡಿದೆ.

"ಅವ್ವ, ಆಲು ಆಕ್ದಾ?"

"ಆಕ್ದೆ ಕಣ್ಲಾ. ಯಾಕ್ಲಾ, ಯಾವತ್ತೂ ಇಲ್ದೋನು ಇವತ್ತು ಕೇಳ್ತಿದ್ದೀಯೆ? ಉಸಾರಾಗಿದ್ದೀಯ ತಾನೆ?"

ಆರೂವರೆಗೆ ಡೈರಿ ಮ್ಯಾನೇಜರ್ ಫೋನು. ನಾನು ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದೆ.

"ಏನ್ರೀ, ನನ್ನ ಕಾಯಿಸಿ ಕೂರಿಸಿದೀರಾ. ಇವತ್ತು ಹೊಸದು ಹಾಕ್ತೀವಿ ಅಂದಿದ್ರಿ. ಯಾವಾಗ್ರೀ ಹಾಕೋದು?"

"ಹಾಕಿ ಆಯ್ತು ಸಾ" ಅಂದೆ. "ಇಷ್ಟೊತ್ತು ನಿಮ್ಮ ಜನ ಹಾಲು ಹಾಕಿದ್ದು ಹೊಸದ್ರಲ್ಲೇ."

ಮ್ಯಾನೇಜರ್, "ಸುಳ್ಳು ಹೇಳ್ಬೇಡ್ರೀ! ಒಬ್ರೂ ಏನೂ ಅನ್ನಲೇ ಇಲ್ವಲ್ರೀ!" ಅಂದರು. ಅವರ ಮುಂದಿನ ಮಾತು ನಮಗೆ ಕೇಳಲಿಲ್ಲ. ಯಜಮಾನರು ಮೇಜು ಗುದ್ದಿ ಎದ್ದಿದ್ದರು, ಶ್ವೇತ ಅಳುತ್ತ ನಗುತ್ತಿದ್ದಳು, ಯಾರೋ ನನ್ನನ್ನು ಎತ್ತಿ ಕುಣಿಸುತ್ತಿದ್ದರು.

ಅದೇ ಹೊತ್ತಿಗೆ ಕೆಳಗೆ ಗೇಟಿನ ಸದ್ದಾಯಿತು. ಮೇಡಂ ಬಸ್ಸಿಳಿದು ಬಂದಿದ್ದರು. ನಮ್ಮ ಕೂಗಾಟ ಕೇಳಿ ಗಾಬರಿಯಾಗಿ, ಚೀಲ ಅಲ್ಲೇ ಬಿಟ್ಟು, ಸೀರೆ ಎತ್ತಿ ಹಿಡಿದು, ಎರಡೆರಡು ಮೆಟ್ಟಿಲು ಹತ್ತಿ ಬಂದರು. ಸಬ್‌ಸ್ಟೇಷನ್ನಿನಲ್ಲಿ ಅಷ್ಟು ವರ್ಷ ಯಾವ ಫೋನಿಗೂ, ಯಾವ ಜಗಳಕ್ಕೂ ಕುರ್ಚಿ ಬಿಟ್ಟು ಏಳದ ಹೆಂಗಸು ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತರು.

"ಏನಾಯ್ತ್ರೋ? ಏನಾಯ್ತು?"

"ಏನೂ ಆಗ್ಲಿಲ್ಲ ಮೇಡಂ!" ಎಂದು ಒಂಬತ್ತು ಜನವೂ ಗಂಟಲು ಹರಿಯುವ ಹಾಗೆ ಕಿರುಚಿದೆವು. "ಏನೂ ಆಗ್ಲಿಲ್ಲ!"

ಅವರು ಗೋಡೆ ಹಿಡಿದುಕೊಂಡು ಮೇಲಿನ ಮೆಟ್ಟಿಲ ಮೇಲೇ ಕೂತರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇನ್ನೂ ಜೋರಾಗಿ ಕಿರುಚ್ರೋ," ಅಂದರು, "ಎದುರು ಮನೆಯೋರಿಗೂ ಕೇಳ್ಲಿ."